ಗಿಡಗಳಿಗೆಂದೇ ಮಾರುವ ದಾಲ್ಚಿನ್ನಿ ಪುಡಿ: ಒಂದು ಮಳೆಗಾಲ ಬಳಸಿದ ಮೇಲೆ

ಮಳೆಗಾಲದ ಆರಂಭದಲ್ಲಿ ಟೊಮೆಟೊ, ಮೆಣಸಿನ ಸಸಿ ಎಬ್ಬಿಸುವವರಿಗೆಲ್ಲ ಈ ಅನುಭವ ಆಗಿಯೇ ಇರುತ್ತದೆ. ಹಿಂದಿನ ಸಂಜೆ ಎರಡೆಲೆ ಬಿಚ್ಚಿ ನೆಟ್ಟಗೆ ನಿಂತಿದ್ದ ಸಸಿ, ಬೆಳಗಾಗುವಷ್ಟರಲ್ಲಿ ಮಣ್ಣಿಗೆ ತಾಗುವ ಜಾಗದಲ್ಲಿ ನೀರು ಕುಡಿದಂತೆ ಮೆತ್ತಗಾಗಿ, ದಾರದಷ್ಟು ಸಪೂರವಾಗಿ, ಎಲೆ ಇನ್ನೂ ಹಸಿರಾಗಿರುವಾಗಲೇ ಒರಗಿಬಿಟ್ಟಿರುತ್ತದೆ. ಸಸಿ ಕೊಳೆ ರೋಗ ಎನ್ನುವ ಈ ಕಾಟಕ್ಕೆಂದು ಈ ವರ್ಷ ಆನ್‌ಲೈನ್‌ನಲ್ಲಿ ನಾನು ತರಿಸಿದ್ದು, ‘ಗಿಡಗಳಿಗಾಗಿ ನೈಸರ್ಗಿಕ ಶಿಲೀಂಧ್ರನಾಶಕ’ ಎಂಬ ಹೆಸರಿನಲ್ಲಿ ಮಾರುವ ದಾಲ್ಚಿನ್ನಿ ಪುಡಿಯನ್ನು. ಬೆಲೆ 100 ಗ್ರಾಂಗೆ 249 ರೂಪಾಯಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಂಗಳೂರಿನ ನಮ್ಮ ತಾರಸಿಯಲ್ಲಿ ಅದನ್ನು ಬಳಸಿದೆ. ಹೋಲಿಸಿ ನೋಡೋಣವೆಂದು ಬೀದಿಯ ದಿನಸಿ ಅಂಗಡಿಯ ಚಕ್ಕೆಯನ್ನೂ ಮಿಕ್ಸಿಯಲ್ಲಿ ಪುಡಿಮಾಡಿ ಬಳಸಿದೆ.

ಮೊದಲು ಪೊಟ್ಟಣದ ಮಾತು. ಬಾಯಿ ಒತ್ತಿ ಮುಚ್ಚುವ ಚೀಲ, ಎಲೆಯ ಚಿತ್ರ, ‘ಶೇಕಡ 100 ಶುದ್ಧ’ ಎಂಬ ಭರವಸೆ, ಎಲ್ಲವೂ ಅಚ್ಚುಕಟ್ಟು. ಆದರೆ ಒಳಗಿರುವುದು ಸಿಲೋನ್ ದಾಲ್ಚಿನ್ನಿಯೋ ಕೇಸಿಯಾ ಎನ್ನುವ ದಪ್ಪ ಚಕ್ಕೆಯೋ, ಪುಡಿ ಮಾಡಿದ್ದು ಯಾವಾಗ ಎಂಬುದು ಎಲ್ಲಿಯೂ ಇಲ್ಲ. ನಮ್ಮಲ್ಲಿ ಶಿಲೀಂಧ್ರನಾಶಕಗಳು 1968ರ ಕೀಟನಾಶಕ ಕಾಯ್ದೆಯ ಅಡಿ ನೋಂದಣಿಯಾಗುತ್ತವೆ. ಅಂಗಡಿಯಲ್ಲಿ ಸಿಗುವ ಔಷಧದ ಮೇಲೆ ನೋಂದಣಿ ಸಂಖ್ಯೆಯೂ ವಿಷದ ಪ್ರಮಾಣ ಸೂಚಿಸುವ ಬಣ್ಣದ ತ್ರಿಕೋನವೂ ಇರುತ್ತವೆ. ಇದರ ಮೇಲೆ ಎರಡೂ ಇರಲಿಲ್ಲ. ಹಾಗೆಂದು ಅಡುಗೆಗಾದರೂ ಬಳಸೋಣವೆಂದರೆ ‘ಆಹಾರಕ್ಕಲ್ಲ’ ಎಂದು ಮುದ್ರಿಸಿದ್ದಾರೆ. ಔಷಧವೂ ಅಲ್ಲ, ಸಾಂಬಾರ ಪದಾರ್ಥವೂ ಅಲ್ಲ ಎಂಬಂಥ ಸ್ಥಿತಿ. ಮೂಗಿಗೆ ಹಿಡಿದರೆ ಮಂದವಾದ, ಹಳೆಯ ಡಬ್ಬಿಯ ವಾಸನೆ. ಮನೆಯಲ್ಲಿ ಪುಡಿಮಾಡಿದ್ದರ ಘಾಟು ಅದಕ್ಕಿರಲಿಲ್ಲ.

ಈ ಘಾಟಿನ ವಿಷಯ ಮುಖ್ಯವಾದದ್ದು. ದಾಲ್ಚಿನ್ನಿಗೆ ಬೂಷ್ಟನ್ನು ತಡೆಯುವ ಗುಣ ಬಂದಿರುವುದು ಮುಖ್ಯವಾಗಿ ತೊಗಟೆಯ ಎಣ್ಣೆಯಲ್ಲಿರುವ ಸಿನ್ನಮಾಲ್ಡಿಹೈಡ್ ಎಂಬ ಅಂಶದಿಂದ, ಮತ್ತು ಆ ಪರಿಮಳವೂ ಅದರದ್ದೇ. ಅದು ಆರಿಹೋಗುವ ಸ್ವಭಾವದ್ದಾದ್ದರಿಂದ ವಾಸನೆ ಕಳೆದುಕೊಂಡ ಪುಡಿ ಮದ್ದನ್ನೂ ಬಹುಪಾಲು ಕಳೆದುಕೊಂಡಿರುತ್ತದೆ. ಸಿಹಿತಿಂಡಿಗೆ ಶ್ರೇಷ್ಠವೆನಿಸುವ, ಕಾಗದದಂತೆ ಪದರಪದರವಾಗಿ ಸುರುಳಿ ಸುತ್ತಿದ ಸಿಲೋನ್ ದಾಲ್ಚಿನ್ನಿಯ ಎಣ್ಣೆಗಿಂತ, ಪಲಾವಿಗೆ ಹಾಕುವ ದಪ್ಪ, ಒರಟು ಕೇಸಿಯಾ ಚಕ್ಕೆಯ ಎಣ್ಣೆಯಲ್ಲಿ ಸಿನ್ನಮಾಲ್ಡಿಹೈಡ್ ಪಾಲು ಸಾಮಾನ್ಯವಾಗಿ ಹೆಚ್ಚು. ಹಾಗಾಗಿ ಈ ಒಂದು ಕೆಲಸದ ಮಟ್ಟಿಗೆ ಅಗ್ಗದ ಮಾಲೇ ಮೇಲು.

ಇನ್ನು ಬಳಕೆ. 98 ಕುಳಿಗಳ ಪ್ರೋ-ಟ್ರೇಯಲ್ಲಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಎರೆಗೊಬ್ಬರ ತುಂಬಿ, ಬೀಜ ಹಾಕಿ, ಅರ್ಧ ಭಾಗಕ್ಕೆ ಮಾತ್ರ ಚಹಾ ಸೋಸುವ ಜರಡಿಯಿಂದ ತೆಳ್ಳಗೆ ಪುಡಿ ಉದುರಿಸಿದೆ. ನಾಲ್ಕನೆಯ ದಿನಕ್ಕೆ ಪುಡಿಯಿಲ್ಲದ ಅರ್ಧದಲ್ಲಿ ಹತ್ತಿಯಂಥ ಬಿಳಿ ಬೂಷ್ಟು ಅಲ್ಲಲ್ಲಿ ಎದ್ದಿತ್ತು. ಪುಡಿ ಬಿದ್ದ ಅರ್ಧ ಕಂದು ಬಣ್ಣದಲ್ಲಿ ಒಣಗಿದಂತೆ, ಚೊಕ್ಕಟವಾಗಿತ್ತು. ಸಸಿಗಳು ಒರಗಿದ್ದು ಎರಡೂ ಕಡೆ, ಆದರೆ ಪುಡಿಯಿದ್ದಲ್ಲಿ ಕಡಿಮೆ. ಇದನ್ನು ಪ್ರಯೋಗ ಎನ್ನುವ ಧೈರ್ಯ ನನಗಿಲ್ಲ, ಏಕೆಂದರೆ ಆ ಅರ್ಧಕ್ಕೆ ಬಿಸಿಲೂ ಕೊಂಚ ಹೆಚ್ಚು ಬೀಳುತ್ತಿತ್ತು. ಒಂದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ: ಒಮ್ಮೆ ಬುಡ ಮೆತ್ತಗಾದ ಸಸಿಗೆ ಎಷ್ಟು ಪುಡಿ ಸುರಿದರೂ ಅದು ಎದ್ದು ನಿಲ್ಲಲಿಲ್ಲ. ಮೇಲಿನಿಂದ ನೀರು ಚಿಮುಕಿಸಿದಾಗಲೆಲ್ಲ ಪುಡಿ ತೊಳೆದುಹೋಗುತ್ತಿದ್ದುದರಿಂದ ಟ್ರೇಯನ್ನು ತಟ್ಟೆಯಲ್ಲಿಟ್ಟು ಕೆಳಗಿನಿಂದ ನೀರುಣಿಸುವ ಅಭ್ಯಾಸ ಮಾಡಿಕೊಂಡೆ, ಮತ್ತು ಸಸಿಗಳು ಉಳಿದುಕೊಂಡಿದ್ದರಲ್ಲಿ ಆ ಬದಲಾವಣೆಯ ಪಾಲು ಪುಡಿಯದ್ದಕ್ಕಿಂತ ದೊಡ್ಡದಿರಬಹುದೆಂಬ ಗುಮಾನಿ ನನಗಿದೆ. ಈ ರೋಗ ತರುವವುಗಳಲ್ಲಿ ಒಂದಾದ ಪಿಥಿಯಂ ನಿಜವಾದ ಶಿಲೀಂಧ್ರವೂ ಅಲ್ಲ. ನೀರಿನಲ್ಲಿ ಈಜುವ ಬೀಜಕಗಳ ಮೂಲಕ ಹರಡುವ, ಪಾಚಿಗಳ ದೂರದ ನೆಂಟ. ನೀರು ನಿಂತರೆ ಅದಕ್ಕೆ ಹಬ್ಬ.

ಪೊಟ್ಟಣದ ಹಿಂಬದಿಯಲ್ಲಿ ‘ನೀರಿನಲ್ಲಿ ಬೆರೆಸಿ ಎಲೆಗಳಿಗೆ ಸಿಂಪಡಿಸಿ’ ಎಂದೂ ಇದೆ. ಈ ಸಲಹೆ ಕೊಟ್ಟವರು ಸ್ವತಃ ಸಿಂಪಡಿಸಿ ನೋಡಿರಲಾರರು. ದಾಲ್ಚಿನ್ನಿ ಪುಡಿ ನೀರಿನಲ್ಲಿ ಕರಗುವುದಿಲ್ಲ. ರಾತ್ರಿ ನೆನೆಸಿಟ್ಟರೆ ಬೆಳಿಗ್ಗೆ ಲೋಳೆಲೋಳೆಯಾಗಿ ಬಾಟಲಿಯ ತಳ ಹಿಡಿದಿರುತ್ತದೆ. ಬಟ್ಟೆಯಲ್ಲಿ ಎರಡು ಬಾರಿ ಸೋಸಿದರೂ ಸ್ಪ್ರೇಯರ್‌ನ ಮೂತಿ ಕಟ್ಟಿಕೊಂಡಿತು, ಪಿನ್ನಿನಿಂದ ಬಿಡಿಸುವುದರಲ್ಲೇ ಒಂದು ಭಾನುವಾರ ಕಳೆಯಿತು. ಸೌತೆ ಬಳ್ಳಿಯ ಬೂದಿ ರೋಗಕ್ಕೆ ಇದನ್ನು ಮೂರು ಬಾರಿ ಹೊಡೆದೆ. ಎಲೆಗಳ ಮೇಲೆ ಕಂದು ಚುಕ್ಕೆಗಳು ಸೇರಿಕೊಂಡವೇ ಹೊರತು ಬಿಳಿ ಬೂದಿ ಹರಡುವುದು ನಿಲ್ಲಲಿಲ್ಲ. ಪ್ರಯೋಗಾಲಯದಲ್ಲಿ ಶಿಲೀಂಧ್ರಗಳ ಮೇಲೆ ಪರಿಣಾಮ ತೋರಿಸಿರುವುದು ಹೆಚ್ಚಾಗಿ ದಾಲ್ಚಿನ್ನಿಯ ಎಣ್ಣೆ ಅಥವಾ ಅದರಿಂದ ಬೇರ್ಪಡಿಸಿದ ಅಂಶ. ತೊಗಟೆಯಲ್ಲಿ ಎಣ್ಣೆ ಇರುವುದೇ ನೂರಕ್ಕೆ ಒಂದೆರಡು ಪಾಲು. ಅದೂ ನೀರಿಗೆ ಸುಲಭವಾಗಿ ಇಳಿಯುವುದಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಕನಿಷ್ಠ ಅಪಾಯದ ಪದಾರ್ಥಗಳ ಪಟ್ಟಿಯಲ್ಲಿ ದಾಲ್ಚಿನ್ನಿಯೂ ಇದೆ ಎಂಬುದನ್ನು ಮಾರುವವರು ದೊಡ್ಡ ಪ್ರಶಸ್ತಿಪತ್ರದಂತೆ ತೋರಿಸುತ್ತಾರೆ. ಆ ಪಟ್ಟಿ ಹೇಳುವುದು ಅಪಾಯ ಕಡಿಮೆ ಎಂದು. ರೋಗ ವಾಸಿಯಾಗುತ್ತದೆ ಎಂದಲ್ಲ.

ನನಗೆ ನಿಜವಾಗಿ ಮೆಚ್ಚುಗೆಯಾದ ಬಳಕೆ ಬೇರೆಯೇ. ಊರಿನಿಂದ ತಂದು ಮರದ ತುಂಡಿಗೆ ಕಟ್ಟಿದ್ದ ಸೀತಾಳೆ ದಂಡೆ ಎಂಬ ಆರ್ಕಿಡ್‌ನ ಕೊಳೆತ ಎಲೆಯೊಂದನ್ನು ಕತ್ತರಿಸಿ, ಕತ್ತರಿಸಿದ ಗಾಯಕ್ಕೆ ಮನೆಯಲ್ಲೇ ಮಾಡಿದ ಪುಡಿಯನ್ನು ಬೆರಳ ತುದಿಯಿಂದ ಒತ್ತಿದೆ. ಎರಡು ದಿನಗಳಲ್ಲಿ ಗಾಯ ಒಣಗಿ ಗಟ್ಟಿಯಾಯಿತು, ಕೊಳೆ ಮುಂದುವರಿಯಲಿಲ್ಲ. ಆದರೆ ಅದೇ ಹೊತ್ತಿನಲ್ಲಿ ಅಜಾಗರೂಕತೆಯಿಂದ ಒಂದಿಷ್ಟು ಪುಡಿ ಬೇರಿನ ಮೇಲೂ ಬಿದ್ದಿತ್ತು. ಗಾಳಿಯ ತೇವವನ್ನು ಹೀರುವ, ಸ್ಪಂಜಿನಂಥ ಬಿಳಿ ಹೊದಿಕೆಯ ಆ ಬೇರು ವಾರದೊಳಗೆ ಸುಕ್ಕುಗಟ್ಟಿ ತುದಿ ಕಂದಾಯಿತು. ಗಾಯವನ್ನು ಒಣಗಿಸುವ ಗುಣವೇ ಬೇರಿಗೆ ಮುಳುವು. ಇಂಥ ಎಚ್ಚರಿಕೆಯ ಒಂದು ಸಾಲೂ ಪೊಟ್ಟಣದ ಮೇಲಿಲ್ಲ; ನನ್ನ ದೊಡ್ಡ ಆಕ್ಷೇಪ ಇದೇ. ಬೇರನ್ನು ರೋಗದಿಂದ ಕಾಯಲೆಂದು ಟ್ರೈಕೋಡರ್ಮಾ ಬೆರೆಸಿದ ಮಣ್ಣಿಗೂ ಇದನ್ನು ಹಾಕಬಾರದೆಂದು ಹೇಳಬೇಕಿತ್ತು, ಏಕೆಂದರೆ ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ, ಮತ್ತು ಪುಡಿಗೆ ನಮ್ಮವರು ಪರರು ಎಂಬ ಭೇದ ತಿಳಿಯದು.

ಮಲೆನಾಡಿನ ಸಾಗರದ ಕಡೆಯ ನಮ್ಮ ದೊಡ್ಡಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಅಡಕೆ ಕೊಳೆಗೂ ಆಗ್ತದೇನೋ ಮಾರಾಯ?” ಆಗುವುದಿಲ್ಲ. ಆಳೆತ್ತರದ ಮಳೆ ಹೊಡೆಯುವ ಜಾಗದಲ್ಲಿ, ಮರದ ತುದಿಯ ಗೊನೆಗೆ ಅಂಟಿಕೊಂಡು ವಾರಗಟ್ಟಲೆ ನಿಲ್ಲುವ ಔಷಧಿ ಬೇಕು ಅದಕ್ಕೆ. ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದು ನೂರು ವರ್ಷ ದಾಟಿದ್ದರೂ, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ಆ ಲೆಕ್ಕ ಮಲೆನಾಡಿನ ತೋಟಗಳಲ್ಲಿ ಇಂದಿಗೂ ನಡೆಯುತ್ತಿದೆ. ಚಕ್ಕೆಯ ಪುಡಿ ಅಂಥ ಕೆಲಸಕ್ಕೆ ಹುಟ್ಟಿದ್ದಲ್ಲ.

ಪೊಟ್ಟಣಕ್ಕೆ ಐದರಲ್ಲಿ ಎರಡು ಅಂಕ ಕೊಡುತ್ತೇನೆ; ದಿನಸಿ ಅಂಗಡಿಯಲ್ಲಿ 50 ರೂಪಾಯಿಗೆ ತಂದ 100 ಗ್ರಾಂ ಚಕ್ಕೆಗೆ, ಸಸಿಯ ಟ್ರೇ ಮತ್ತು ಕತ್ತರಿಸಿದ ಗಾಯ ಇವೆರಡಕ್ಕೆ ಮಾತ್ರ ಬಳಸುವುದಾದರೆ, ನಾಲ್ಕು. ಚಕ್ಕೆಯನ್ನು ಬೇಕಾದಷ್ಟೇ ಮುರಿದು ಆಗಾಗ ಪುಡಿಮಾಡಿಕೊಳ್ಳಿ, ಮಿಕ್ಸಿಯ ಮುಚ್ಚಳ ತೆಗೆಯುವಾಗ ಮುಖ ಪಕ್ಕಕ್ಕಿರಲಿ. ಪೊಟ್ಟಣದಲ್ಲಿ ಉಳಿದ ಪುಡಿಯನ್ನು ಇರುವೆಗಳಿಗಾದರೂ ಆದೀತೆಂದು ಕುಂಡಗಳ ಸುತ್ತ ಗೆರೆ ಎಳೆದಿದ್ದೆ. ಎರಡು ದಿನ ಅವು ಸುತ್ತು ಹಾಕಿ ಹೋದವು, ಮೂರನೆಯ ದಿನ ಗೆರೆಯ ಮೇಲೆಯೇ ಸಾಲು ಹಿಡಿದವು.