ಮೂತ್ರ ಸೋರಿಕೆಯ ಚಿಕಿತ್ಸೆ: ಶಿವಮೊಗ್ಗದ ಒಂದು ಚಿಕಿತ್ಸಾಲಯದಲ್ಲಿ ಮೂರು ತಿಂಗಳು

ಕಳೆದ ಮಳೆಗಾಲದಲ್ಲಿ ನಾನು ಮತ್ತು ನನ್ನ ಅತ್ತೆಯವರು ಶಿವಮೊಗ್ಗದ ಒಂದು ಖಾಸಗಿ ಮೂತ್ರರೋಗ ಚಿಕಿತ್ಸಾಲಯಕ್ಕೆ ಮೂರು ತಿಂಗಳು ಓಡಾಡಿದೆವು. ಮೆಚ್ಚುಗೆಯ ಜೊತೆಗೆ ದೂರುಗಳೂ ಇರುವುದರಿಂದ ಅದರ ಹೆಸರು ಬರೆಯುವುದಿಲ್ಲ. ಇಂಥ ಸೇವೆಯಲ್ಲಿ ಯಾವುದಕ್ಕೆ ಹಣ ಕೊಡಬಹುದು, ಯಾವುದಕ್ಕೆ ಬೇಡ ಎಂಬುದು ಓದುವವರಿಗೆ ತಿಳಿದರೆ ಸಾಕು.

ನನಗೆ 56 ವರ್ಷ. ಕೆಮ್ಮಿದರೆ, ಸೀನಿದರೆ, ತುಂಬಿದ ಕೊಡ ಎತ್ತಿದರೆ ಮೂತ್ರ ಸೋರುವುದು ನಾಲ್ಕೈದು ವರ್ಷಗಳಿಂದ ಇತ್ತು. ಅತ್ತೆಯವರಿಗೆ 81. ಅವರದು ಬೇರೆ ಬಗೆ: ಒಂದಕ್ಕೆ ಬಂತು ಎನಿಸಿದ ಮೇಲೆ ಅಂಗಳ ದಾಟಿ ಬಚ್ಚಲುಮನೆಯ ಪಕ್ಕದ ಶೌಚಾಲಯ ಮುಟ್ಟುವಷ್ಟರಲ್ಲಿ ಸೀರೆ ಒದ್ದೆಯಾಗಿರುತ್ತಿತ್ತು. ತೀರ್ಥಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಇದು ಯಾರಿಗೂ ಹೊಸದಲ್ಲ, ಆದರೆ ಯಾರೂ ಬಾಯಿ ಬಿಡುವುದಿಲ್ಲ. ಅಡಿಕೆ ಸುಲಿಯಲು ಕುಳಿತ ಹೆಂಗಸರು ಮಾತಿನ ನಡುವೆ ಏಕೆ ಮತ್ತೆ ಮತ್ತೆ ಏಳುತ್ತಾರೆಂಬುದು ಎಲ್ಲರಿಗೂ ಗೊತ್ತಿರುತ್ತದೆ. ನಾನೂ ಮೆಡಿಕಲ್ ಅಂಗಡಿಯವರು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಡುವ ಪ್ಯಾಡಿಗೆ ತಿಂಗಳಿಗೆ 900 ರೂಪಾಯಿ ಸುರಿಯುತ್ತ ಕಾಲ ಕಳೆದವಳೇ.

ಚಿಕಿತ್ಸಾಲಯದ ಮೊದಲ ಗುಣವೆಂದರೆ ವೈದ್ಯರು ಔಷಧಿ ಚೀಟಿ ಬರೆಯುವ ಮೊದಲು ಕೇಳಿದ ಪ್ರಶ್ನೆಗಳು. ಕೆಮ್ಮಿದಾಗ ಸೋರುತ್ತದೆಯೋ, ಅವಸರ ಬಂದ ಮೇಲೆ ತಡೆಯಲಾಗದೆ ಸೋರುತ್ತದೆಯೋ, ಅಥವಾ ಸದಾ ಹನಿಹನಿಯಾಗಿ ಜಿನುಗುತ್ತದೆಯೋ ಎಂಬುದರ ಮೇಲೆ ಇಡೀ ಚಿಕಿತ್ಸೆ ನಿಂತಿದೆಯೆಂದು ಅವರು ಬಿಡಿಸಿ ಹೇಳಿದರು. ಮೊದಲನೆಯದರಲ್ಲಿ ಮೂತ್ರನಾಳವನ್ನು ಆತುಕೊಂಡಿರುವ ಪೆಲ್ವಿಕ್ ಫ್ಲೋರ್, ಅಂದರೆ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಹೆರಿಗೆ, ವಯಸ್ಸು, ಮೈತೂಕಗಳಿಂದ ಸಡಿಲವಾಗಿ, ಹೊಟ್ಟೆಯೊಳಗಿನ ಒತ್ತಡ ಏರಿದ ಕ್ಷಣ ಸೋತುಹೋಗುತ್ತವೆ. ಎರಡನೆಯದರಲ್ಲಿ ಮೂತ್ರಕೋಶ ತುಂಬುವ ಮೊದಲೇ ತಾನಾಗಿ ಹಿಂಡಿಕೊಳ್ಳುತ್ತದೆ. ಮೂರನೆಯದರಲ್ಲಿ ಅದು ಪೂರ್ತಿ ಖಾಲಿಯಾಗದೆ ಉಕ್ಕಿ ಹರಿಯುತ್ತದೆ; ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗುವುದು, ಬಹುಕಾಲದ ಸಕ್ಕರೆ ಕಾಯಿಲೆಯಿಂದ ನರಗಳು ದುರ್ಬಲವಾಗುವುದು ಇದಕ್ಕೆ ಸಾಮಾನ್ಯ ಕಾರಣಗಳು. ಹೆಸರು ಒಂದೇ ಆದರೂ ಒಂದರ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ.

ಪರೀಕ್ಷೆಗಳೂ ಅತಿಯಾಗಿರಲಿಲ್ಲ. ಮೂತ್ರದಲ್ಲಿ ಸೋಂಕು ಇದೆಯೇ ಎಂದು ನೋಡುವುದು, ರಕ್ತದ ಸಕ್ಕರೆ, ಮೂತ್ರ ಮಾಡಿ ಬಂದ ಮೇಲೆ ಒಳಗೆಷ್ಟು ಉಳಿದಿದೆಯೆಂದು ಅಳೆಯುವ ಸ್ಕ್ಯಾನ್, ಇಷ್ಟೇ. ಇವೆಲ್ಲಕ್ಕಿಂತ ಉಪಯೋಗವಾದದ್ದು ಮೂರು ದಿನ ಬರೆದಿಡಲು ಕೊಟ್ಟ ಒಂದು ಹಾಳೆ. ಕುಡಿದದ್ದೆಷ್ಟು, ಯಾವ ಹೊತ್ತಿಗೆ ಎಷ್ಟು ಮಿಲಿಲೀಟರ್ ಹೋಯಿತು, ಎಲ್ಲಿ ಸೋರಿತು ಎಂದು ಅಳತೆಯ ಪ್ಲಾಸ್ಟಿಕ್ ಜಗ್ಗು ಹಿಡಿದು ಬರೆಯಬೇಕು. ಅತ್ತೆಯವರು ಮೊದಲು ನಕ್ಕರು, ಆಮೇಲೆ ನನಗಿಂತ ಶಿಸ್ತಿನಿಂದ ಬರೆಸಿದರು. ವಯಸ್ಕರ ಮೂತ್ರಕೋಶ 400 ಮಿಲಿಲೀಟರಿನ ಆಸುಪಾಸು ಹಿಡಿಯಬಲ್ಲದು, ಆದರೆ ಅವರಿಗೆ ನೂರು ತುಂಬುವ ಮೊದಲೇ ಅವಸರವಾಗುತ್ತಿತ್ತು. ನನ್ನ ಹಾಳೆಯಲ್ಲಿ ಕಂಡದ್ದು ದಿನಕ್ಕೆ ಐದು ಲೋಟ ಕಾಫಿ, ಮತ್ತು ಶಿವಮೊಗ್ಗಕ್ಕೆ ಬರುವ ದಿನ ಮಧ್ಯಾಹ್ನದವರೆಗೆ ಹನಿ ನೀರೂ ಕುಡಿಯದ ಅಭ್ಯಾಸ. ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಈಗ ಕಾಫಿ ಎರಡು ಲೋಟಕ್ಕೆ ಇಳಿದಿದೆ, ಉಳಿದ ಹೊತ್ತಿಗೆ ಜೀರಿಗೆ ಕೊತ್ತಂಬರಿ ಕಷಾಯ.

ನಾನು ಕೊಟ್ಟ ಹಣಕ್ಕೆ ನಿಜವಾದ ಬೆಲೆ ಸಿಕ್ಕಿದ್ದು ಫಿಸಿಯೋಥೆರಪಿಯ ಕೋಣೆಯಲ್ಲಿ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೀಗಲ್ 1948ರಲ್ಲಿ ಪ್ರಚಾರಕ್ಕೆ ತಂದ, ಈ ತಳದ ಸ್ನಾಯುಗಳನ್ನು ಹಿಂಡಿ ಬಿಡುವ ವ್ಯಾಯಾಮವನ್ನು ನಾನು ಮೊಬೈಲಿನಲ್ಲಿ ನೋಡಿ ಒಂದು ವರ್ಷ ಮಾಡಿದ್ದೆ, ಗುಣ ಕಂಡಿರಲಿಲ್ಲ. ಕಾರಣ ಮೊದಲ ದಿನವೇ ಹೊರಬಿತ್ತು. ಫಿಸಿಯೋಥೆರಪಿಸ್ಟ್ ನನ್ನ ಒಪ್ಪಿಗೆ ಕೇಳಿ, ಬಾಗಿಲು ಹಾಕಿ, ಪರೀಕ್ಷಿಸಿ ನೋಡಿದಾಗ ನಾನು ಹಿಂಡುತ್ತಿದ್ದದ್ದು ಹೊಟ್ಟೆ ಮತ್ತು ತೊಡೆಯನ್ನು. ಬೇಕಾದ ಸ್ನಾಯುವನ್ನು ಕೆಳಕ್ಕೆ ತಳ್ಳುತ್ತಿದ್ದೆ. 'ಅಮ್ಮಾ, ಗಾಳಿ ಹೋಗದಂತೆ ಹಿಡಿಯುತ್ತೀರಲ್ಲ, ಹಾಗೆ ಒಳಕ್ಕೂ ಮೇಲಕ್ಕೂ ಎಳೆದುಕೊಳ್ಳಿ, ಉಸಿರು ಮಾತ್ರ ಹಿಡಿಯಬೇಡಿ' ಎಂದು ಅವರು ಹೇಳಿದ ಒಂದು ಮಾತು ಒಂದು ವರ್ಷದ ವಿಡಿಯೋಗಳಿಗಿಂತ ಹೆಚ್ಚಾಯಿತು. ಎಂಟು ಸಲ ಹಿಡಿದು ಬಿಡುವುದು, ದಿನಕ್ಕೆ ಮೂರು ಸರದಿ, ಕನಿಷ್ಠ ಮೂರು ತಿಂಗಳು. ಕೆಮ್ಮು ಬರುವ ಮುನ್ನ ಒಮ್ಮೆ ಬಿಗಿಹಿಡಿಯುವುದನ್ನೂ ಕಲಿಸಿದರು. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡುವುದು ತಪ್ಪೆಂದೂ ಎಚ್ಚರಿಸಿದರು. ಆರನೆಯ ವಾರದವರೆಗೆ ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಹತ್ತನೆಯ ವಾರ, ಶ್ರಾವಣದ ಶೀತದಲ್ಲಿ ಸಾಲಾಗಿ ಸೀನಿ ಮುಗಿಸಿದಾಗ ಬಟ್ಟೆ ಒಣಗಿಯೇ ಇತ್ತು. ಸ್ನಾಯುವಿನ ಬಿಗಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರಕ್ಕೆ ಪ್ರತಿ ಸಲ 300 ರೂಪಾಯಿ ಹೆಚ್ಚು ತೆಗೆದುಕೊಂಡರು. ಒಂದೆರಡು ಸಲಕ್ಕೆ ಅದು ಒಳ್ಳೆಯದು, ಆಮೇಲಿನದು ಅನವಶ್ಯಕ ಎಂಬುದು ನನ್ನ ಅಭಿಪ್ರಾಯ.

ಅತ್ತೆಯವರ ವಿಷಯದಲ್ಲಿ ವೈದ್ಯರು ತೋರಿಸಿದ ಎಚ್ಚರವನ್ನು ಮೆಚ್ಚಲೇಬೇಕು. ಸೋಲಿಫೆನಾಸಿನ್‌ನಂಥ ಮಾತ್ರೆಗಳು ಅವಸರವನ್ನು ತಗ್ಗಿಸಿದರೂ ಬಾಯಿ ಒಣಗಿಸುತ್ತವೆ, ಮಲಬದ್ಧತೆ ತರುತ್ತವೆ, ಮರೆವಿರುವ ವೃದ್ಧರಲ್ಲಿ ಗೊಂದಲ ಹೆಚ್ಚಿಸಬಹುದು ಎಂದು ಹೇಳಿ ಅದನ್ನು ಬರೆಯಲಿಲ್ಲ. ಬದಲಿಗೆ, ಕಾಲಿನ ಊತಕ್ಕೆಂದು ಅವರು ರಾತ್ರಿ ನುಂಗುತ್ತಿದ್ದ ನೀರಿಳಿಸುವ ಮಾತ್ರೆಯನ್ನು ಬೆಳಗಿನ ಹೊತ್ತಿಗೆ ಬದಲಿಸಿದರು. ಅವರಿಗಿದ್ದ ಮಲಬದ್ಧತೆಗೆ ಮದ್ದು ಕೊಟ್ಟು, ಎರಡು ಸಲ ಮೂತ್ರಕ್ಕೆ ಹೋಗುವುದರ ನಡುವಿನ ಅಂತರವನ್ನು ವಾರಕ್ಕೆ ಹದಿನೈದು ನಿಮಿಷದಂತೆ ಹಿಗ್ಗಿಸಲು ತಿಳಿಸಿದರು. ಕೊನೆಗೆ, ಅವರಿಗೆ ಶೌಚಾಲಯ ಎಷ್ಟು ಹೆಜ್ಜೆ ದೂರವಿದೆ ಎಂದು ಕೇಳಿದರು. ಜಡಿಮಳೆಯಲ್ಲಿ ಅಂಗಳ ದಾಟಿಸುವುದಕ್ಕಿಂತ ಮಲಗುವ ಕೋಣೆಯಲ್ಲಿ ಕಮೋಡ್ ಕುರ್ಚಿ ಇಡುವುದೂ ಚಿಕಿತ್ಸೆಯೇ ಎಂಬ ಮಾತನ್ನು ನಾನು ಆಸ್ಪತ್ರೆಯಲ್ಲಿ ಕೇಳುತ್ತೇನೆಂದುಕೊಂಡಿರಲಿಲ್ಲ. ಅವರ ತೊಂದರೆ ಪೂರ್ತಿ ಹೋಗಿಲ್ಲ, ಆದರೆ ರಾತ್ರಿ ಐದು ಸಲ ಏಳುತ್ತಿದ್ದವರು ಈಗ ಎರಡು ಸಲ ಏಳುತ್ತಾರೆ.

ಇನ್ನು ದೂರುಗಳು. ಮುಂಗಟ್ಟೆಯಲ್ಲಿ ಕುಳಿತ ಹುಡುಗ ತುಂಬಿದ ಹಜಾರದಲ್ಲಿ 'ಏನು ತೊಂದರೆ, ಮೂತ್ರ ಸೋರುತ್ತದಾ?' ಎಂದು ಗಟ್ಟಿಯಾಗಿ ಕೇಳಿದ. ಪಕ್ಕದಲ್ಲಿದ್ದ, ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ಬಳಿಕ ಇದೇ ವ್ಯಾಯಾಮ ಕಲಿಯಲು ಬಂದಿದ್ದ ಸಾಗರದ ಕಡೆಯ ಹಿರಿಯರೊಬ್ಬರು ತಲೆ ತಗ್ಗಿಸಿದ್ದನ್ನು ಕಂಡೆ. ವ್ಯಾಯಾಮ ಶುರುವಾಗುವ ಮೊದಲೇ ಮೂತ್ರನಾಳದ ಕೆಳಗೆ ಪಟ್ಟಿ ಕೂರಿಸುವ ಶಸ್ತ್ರಚಿಕಿತ್ಸೆಯ ಅಂದಾಜು ವೆಚ್ಚದ ಚೀಟಿಯನ್ನು ನನ್ನ ಕೈಗಿತ್ತದ್ದೂ ಸರಿಯಲ್ಲ. ಮೂರು ತಿಂಗಳು ಕಾದು ನೋಡೋಣವೆಂದು ವೈದ್ಯರೇ ಹೇಳಿದ್ದರಿಂದ ಅದು ಕಚೇರಿಯವರ ಆತುರವೆಂದು ತಿಳಿದೆ.

ಮೂತ್ರದಲ್ಲಿ ರಕ್ತ ಕಂಡವರು, ಇದ್ದಕ್ಕಿದ್ದಂತೆ ಮೂತ್ರ ಕಟ್ಟಿದವರು, ಸೋರಿಕೆಯ ಜೊತೆ ಕಾಲಿನ ಬಲ ಕುಂದಿದವರು ವ್ಯಾಯಾಮವೆಂದು ಕಾಯದೆ ಕೂಡಲೇ ವೈದ್ಯರನ್ನು ಕಾಣಬೇಕು. ಉಳಿದವರಿಗೆ, ಒಟ್ಟು ಖರ್ಚು ನನಗೆ 6,000 ರೂಪಾಯಿಯೊಳಗೆ ಮುಗಿಯಿತೆಂದು ತಿಳಿಸುತ್ತೇನೆ. ಏಳು ತಿಂಗಳ ಪ್ಯಾಡಿನ ಲೆಕ್ಕಕ್ಕಿಂತ ಅದು ಕಡಿಮೆ.

ಒಂದನ್ನು ಮರೆತಿದ್ದೆ. ಮೂತ್ರ ತಡೆಯಲಾಗದವರೇ ಬರುವ ಆ ಚಿಕಿತ್ಸಾಲಯದ ಶೌಚಾಲಯಕ್ಕೆ ಬೀಗ ಹಾಕಿರುತ್ತಾರೆ. ಬೀಗದ ಕೈ ಆ ಮುಂಗಟ್ಟೆಯ ಹುಡುಗನ ಹತ್ತಿರ ಇರುತ್ತದೆ, ಅವನು ಊಟಕ್ಕೆ ಹೋದರೆ ಅದೂ ಅವನ ಜೊತೆಗೆ ಹೋಗುತ್ತದೆ. ಕೊನೆಯ ಭೇಟಿಯ ದಿನ ಇದನ್ನು ಸಲಹಾ ಪುಸ್ತಕದಲ್ಲಿ ಬರೆದು ಬಂದಿದ್ದೇನೆ.