ಕಡ್ಡಿ ಕಟ್ಟೋ, ನೋಟೋ, ಮಣಿಚೌಕಟ್ಟೋ? ದಶಕಸಹಿತ ಕಳೆಯುವ ಲೆಕ್ಕಕ್ಕೆ ಒಂದು ಹೋಲಿಕೆ

52ರಲ್ಲಿ 27 ಕಳೆಯಿರಿ ಎಂದು ಮೂರನೇ ತರಗತಿಯಲ್ಲಿ ಲೆಕ್ಕ ಕೊಟ್ಟರೆ ಹಲವು ಪಾಟಿಗಳ ಮೇಲೆ 35 ಬಂದಿರುತ್ತದೆ. ಎರಡರಲ್ಲಿ ಏಳು ಹೋಗುವುದಿಲ್ಲ ಅಂತ ಮಗು ಏಳರಲ್ಲೇ ಎರಡು ಕಳೆದಿರುತ್ತದೆ. ‘ಪಕ್ಕದ ಮನೆಯಿಂದ ಸಾಲ ತಗೋ’ ಎಂದು ಬಾಯಲ್ಲಿ ಹೇಳಿ ತಿದ್ದಿದರೆ ಆ ಹೊತ್ತಿನ ಲೆಕ್ಕ ಸರಿಹೋಗುತ್ತದೆ, ನಾಳೆ ಮತ್ತೆ 35. ಆ ಐದರ ಒಳಗೆ ಐವತ್ತು ಬಿಡಿಗಳಿವೆ ಎನ್ನುವುದು ಮಗುವಿನ ಕಣ್ಣಿಗೆ ಬಿದ್ದೇ ಇಲ್ಲ. ಅದನ್ನು ಕಣ್ಣಿಗೆ ಬೀಳಿಸಲು ಶಾಲೆಗಳಲ್ಲಿ ಹಲವು ಸಾಮಗ್ರಿಗಳಿವೆ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ತರಗತಿಗಳಿಗೆ ಹೊಂದುವಂಥ ಐದನ್ನು ಇಲ್ಲಿ ಅಕ್ಕಪಕ್ಕ ಇಟ್ಟಿದ್ದೇವೆ. ಎಲ್ಲಕ್ಕೂ ಪರೀಕ್ಷೆಯ ಲೆಕ್ಕಗಳು ಎರಡೇ: 52−27 ಮತ್ತು 403−168.

ಇವುಗಳಲ್ಲಿ ಯಾವುದನ್ನೂ ಮುಟ್ಟುವ ಮೊದಲು ಒಂದು ತಯಾರಿ ಬೇಕು. ಹತ್ತರಲ್ಲಿ ಏಳು ಹೋದರೆ ಮೂರು ಎನ್ನುವುದು ಮಗುವಿಗೆ ಬೆರಳು ಎಣಿಸದೆ ಬರಬೇಕು. ಅದು ಬರದಿದ್ದರೆ ಯಾವ ಸಾಮಗ್ರಿ ಕೊಟ್ಟರೂ ಮಗು ನಡುದಾರಿಯಲ್ಲಿ ಎಣಿಕೆಗೆ ಸಿಕ್ಕಿ ಏನು ಮಾಡುತ್ತಿದ್ದೆ ಎಂಬುದನ್ನೇ ಮರೆಯುತ್ತದೆ. ಇದಕ್ಕೆ ಮೊಟ್ಟೆಯ ಟ್ರೇ ಸಾಕು. 2021ರ ಡಿಸೆಂಬರಿನಿಂದ ಈ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜತೆ ಮೊಟ್ಟೆ ಬರುತ್ತಿರುವುದರಿಂದ ಖಾಲಿ ಟ್ರೇಗೆ ಬರವಿಲ್ಲ. 30 ಗುಂಡಿಯ ಟ್ರೇಯಲ್ಲಿ ಐದೈದು ಗುಂಡಿಯ ಆರು ಸಾಲು ಇರುತ್ತವೆ. ಎರಡೆರಡು ಸಾಲಿಗೆ ಕತ್ತರಿಸಿದರೆ ಹತ್ತು ಗುಂಡಿಯ ಮೂರು ಮಣೆ ಸಿಗುತ್ತವೆ. ಮೊಟ್ಟೆ ಒಡೆದು ಕಲೆಯಾದ ಟ್ರೇ ಬೇಡ, ಇರುವೆ ಹತ್ತುತ್ತದೆ. ಉಳಿದವನ್ನು ಒಂದು ದಿನ ಬಿಸಿಲಿಗೆ ಇಟ್ಟು ಬಳಸಿ. ಹುಣಸೆ ಬೀಜ ತುಂಬಿ ಕೆಲವನ್ನು ತೆಗೆದರೆ ಖಾಲಿ ಗುಂಡಿಯೇ ಉತ್ತರ ಹೇಳುತ್ತದೆ. ಮೊದಲ ಸಾಲಿನ ಐದು ಒಂದೇ ನೋಟಕ್ಕೆ ಸಿಗುವುದರಿಂದ ಮಕ್ಕಳು ಒಂದೊಂದೇ ಎಣಿಸುವುದನ್ನು ತಾವಾಗಿಯೇ ಬಿಡುತ್ತಾರೆ.

ಕಡ್ಡಿ ಕಟ್ಟು

ದಶಕ ಬಿಚ್ಚುವುದನ್ನು ಮೊದಲ ಸಲ ಕಲಿಸಲು ಇದಕ್ಕಿಂತ ಒಳ್ಳೆಯದು ನಮಗೆ ಸಿಕ್ಕಿಲ್ಲ. ಕಾರಣ ಸರಳ: ಹತ್ತರ ಕಟ್ಟಿನೊಳಗೆ ಹತ್ತು ಕಡ್ಡಿ ನಿಜವಾಗಿಯೂ ಇವೆ, ಮಗು ತನ್ನ ಕೈಯಿಂದಲೇ ಅದನ್ನು ಬಿಚ್ಚುತ್ತದೆ.

ತೆಂಗಿನ ಗರಿಯ ಕಸಬರಿಗೆ ಕಡ್ಡಿ ಚೆನ್ನಾಗಿರುತ್ತದೆ. ತುದಿಯ ತೆಳ್ಳನೆ ಭಾಗ ಬಿಟ್ಟು 10 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ಹತ್ತಿ ಕಟಿಗೆ ಊರೆಲ್ಲ ಸಿಗುತ್ತದೆ ನಿಜ, ಆದರೆ ಸಿಬಿರು ಏಳುತ್ತದೆ, ದಪ್ಪವೂ ಒಂದೇ ಸಮ ಇರುವುದಿಲ್ಲ. ಜೋಳದ ದಂಟು ಕಟ್ಟಿದರೆ ಮಗುವಿನ ಮುಷ್ಟಿಗೆ ಹಿಡಿಯುವುದಿಲ್ಲ. ನಾಲ್ಕು ಮಕ್ಕಳ ಗುಂಪಿಗೆ 120 ಕಡ್ಡಿ ಬೇಕು, ಅಂದರೆ ಎಂಟು ಗುಂಪಿಗೆ 960. ಹೆಚ್ಚುಕಮ್ಮಿ ಸಾವಿರ ಕಡ್ಡಿ ಎಂದು ಲೆಕ್ಕ ಹಾಕಿಕೊಳ್ಳಿ. ಕಟ್ಟಲು ರಬ್ಬರ್ ಬ್ಯಾಂಡ್ ತಂದರೆ ನಮ್ಮ ಬೇಸಿಗೆಯಲ್ಲಿ ಅವು ಒಂದಕ್ಕೊಂದು ಅಂಟಿಕೊಂಡು, ಎಳೆದರೆ ಕಡಿಯುತ್ತವೆ. ಹಳೆಯ ಸೈಕಲ್ ಟ್ಯೂಬನ್ನು ಅಡ್ಡಕ್ಕೆ ಸಣ್ಣಗೆ ಕತ್ತರಿಸಿದ ಉಂಗುರಗಳನ್ನು ಎರಡು-ಮೂರು ಸುತ್ತು ಹಾಕಿದರೆ ವರ್ಷವಿಡೀ ಬಾಳುತ್ತವೆ. ದಾರದ ಗಂಟು ಮಾತ್ರ ಬೇಡ. ಗಂಟು ಬಿಚ್ಚಲು ಹೆಣಗುವುದರಲ್ಲೇ ಪಿರಿಯಡ್ ಮುಗಿಯುತ್ತದೆ.

ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡು ಮನೆ ಬರೆಯಿರಿ: ಎಡಕ್ಕೆ ‘ಹತ್ತು’, ಬಲಕ್ಕೆ ‘ಬಿಡಿ’. ಅದರ ಮೇಲೆ 52 ಜೋಡಿಸಬೇಕು, ಐದು ಕಟ್ಟು, ಎರಡು ಬಿಡಿ. ಇಲ್ಲೇ ಬಹಳ ಕಡೆ ಎಡವಟ್ಟಾಗುವುದು. 27ನ್ನೂ ಕಡ್ಡಿಯಲ್ಲಿ ಕೆಳಗೆ ಜೋಡಿಸಲು ಹೇಳುತ್ತಾರೆ. ಆಗ ಮಗುವಿನ ಮುಂದೆ ಒಟ್ಟು 79 ಕಡ್ಡಿ ಇರುತ್ತವೆ, ಕಳೆಯುವುದು ಯಾವುದರಿಂದ ಎಂದು ಅದಕ್ಕೆ ತಿಳಿಯುವುದಿಲ್ಲ. 27 ಒಂದು ಚೀಟಿಯ ಮೇಲೆ ಅಂಕಿಯಾಗಿ ಮಾತ್ರ ಇರಲಿ, ‘ಇಷ್ಟು ತೆಗೆದುಕೊಡು’ ಎಂಬ ಕೇಳಿಕೆಯ ಹಾಗೆ. ಏಳು ಬಿಡಿ ಕೊಡು ಎಂದಾಗ ಮಗುವಿನ ಹತ್ತಿರ ಎರಡೇ ಇವೆ. ಇಲ್ಲಿ ಶಿಕ್ಷಕರು ಬಾಯಿ ಬಿಡಬಾರದು. ಸ್ವಲ್ಪ ಹೊತ್ತು ಬಿಟ್ಟರೆ ಗುಂಪಿನಲ್ಲಿ ಯಾರಾದರೊಬ್ಬರು ಕಟ್ಟಿಗೆ ಕೈ ಹಾಕುತ್ತಾರೆ. ಬಿಚ್ಚಿದ ಹತ್ತು ಕಡ್ಡಿ ಬಿಡಿಯ ಮನೆಗೆ ಬರುತ್ತವೆ, ಆಗ ಬಿಡಿ 12, ಕಟ್ಟು 4. ಏಳು ಕೊಟ್ಟರೆ ಐದು ಉಳಿಯಿತು, ಎರಡು ಕಟ್ಟು ಕೊಟ್ಟರೆ ಎರಡು ಉಳಿಯಿತು. ಉತ್ತರ 25.

ಕಡ್ಡಿ ಆಡಿಸುವವರು ಒಬ್ಬರು, ಪಾಟಿಯ ಮೇಲೆ ಬರೆಯುವವರು ಇನ್ನೊಬ್ಬರು. ಕಟ್ಟು ಬಿಚ್ಚಿದ ಕ್ಷಣವೇ 5ನ್ನು ಹೊಡೆದು 4, 2ನ್ನು ಹೊಡೆದು 12 ಬರೆಯಬೇಕು. ಇದನ್ನು ಕೊನೆಗೆ ಬರೆಯೋಣ ಎಂದು ಬಿಟ್ಟರೆ ಕಡ್ಡಿಯ ಲೆಕ್ಕ ಬೇರೆ, ಪಾಟಿಯ ಲೆಕ್ಕ ಬೇರೆ ಎಂದು ಮಕ್ಕಳು ತಿಳಿಯುತ್ತಾರೆ. ಕಡ್ಡಿಯಲ್ಲಿ 25 ತೆಗೆದ ಮಗುವೇ ಪಾಟಿಯಲ್ಲಿ 35 ಬರೆಯುವುದು ಹೀಗೆ.

ಮಕ್ಕಳಿಗೆ ಅನುಕೂಲವಾಗಲಿ ಎಂದು ಶಿಕ್ಷಕರೇ ಮನೆಯಲ್ಲಿ ಕಟ್ಟು ಕಟ್ಟಿ ತರುವುದು ಇನ್ನೊಂದು ತಪ್ಪು. ತಾನು ಎಣಿಸಿ ಕಟ್ಟದ ಕಟ್ಟನ್ನು ಮಗು ‘ಹತ್ತು’ ಎಂದು ನಂಬುವುದಿಲ್ಲ, ‘ಒಂದು ಕಟ್ಟು’ ಎಂದಷ್ಟೇ ನೋಡುತ್ತದೆ. ಮೊದಲ ಪಿರಿಯಡ್ ಪೂರ್ತಿ ಕಟ್ಟುವುದಕ್ಕೇ ಹೋಗಲಿ, ಅದು ವ್ಯರ್ಥವಲ್ಲ. ಒಬ್ಬರು ಕಟ್ಟಿದ್ದನ್ನು ಪಕ್ಕದವರು ಎಣಿಸಿ ನೋಡಲಿ, ಒಂಬತ್ತರ ಕಟ್ಟು, ಹನ್ನೊಂದರ ಕಟ್ಟು ಖಂಡಿತ ಸಿಗುತ್ತವೆ.

ಇದರ ಮಿತಿ ಮೂರಂಕಿಯ ಲೆಕ್ಕ. 403ಕ್ಕೆ ನೂರರ ದೊಡ್ಡ ಕಟ್ಟು ನಾಲ್ಕು ಬೇಕು, ಒಂದೊಂದು ಗುಂಪಿಗೆ ಅಷ್ಟು ಕಡ್ಡಿ ಇರುವುದಿಲ್ಲ. ಇಡೀ ತರಗತಿಯ ಕಡ್ಡಿ ಸೇರಿಸಿ ಒಮ್ಮೆ ಎಲ್ಲರ ಮುಂದೆ ಮಾಡಿ: ನೂರರ ಕಟ್ಟು ಬಿಚ್ಚಿದರೆ ಹತ್ತರ ಹತ್ತು ಕಟ್ಟು ಉದುರುವುದನ್ನು ಮಕ್ಕಳು ನೋಡಲೇಬೇಕು. ಅಲ್ಲಿಂದ ಮುಂದೆ ಬೇರೆ ಸಾಮಗ್ರಿ.

ದಶಮಾನ ಬ್ಲಾಕ್

ಸರ್ಕಾರಿ ಶಾಲೆಗಳ ‘ಗಣಿತ ಕಲಿಕಾ ಆಂದೋಲನ’ ಕಾರ್ಯಕ್ರಮದ ಸಾಮಗ್ರಿ ಪೆಟ್ಟಿಗೆ, ಅಂದರೆ ಕಿಟ್, ಇರುವ ಕಡೆ ಇವು ಇರುತ್ತವೆ. ಬಿಡಿಗೆ ಸಣ್ಣ ಘನ, ಹತ್ತಕ್ಕೆ ಪಟ್ಟಿ, ನೂರಕ್ಕೆ ಚಪ್ಪಟೆ ಹಲಗೆ. ನೂರು ಎಷ್ಟು ದೊಡ್ಡದು ಎಂದು ತೋರಿಸುವುದರಲ್ಲಿ ಕಡ್ಡಿಗಿಂತ ಚೊಕ್ಕ. ಆದರೆ ಹತ್ತರ ಪಟ್ಟಿಯನ್ನು ಮುರಿಯಲಾಗದು, ಕೊಟ್ಟು ಹತ್ತು ಬಿಡಿ ತೆಗೆದುಕೊಳ್ಳಬೇಕು. ಕಟ್ಟು ಬಿಚ್ಚಿ ಅಭ್ಯಾಸವಾದ ಮಕ್ಕಳಿಗೆ ಈ ಅದಲುಬದಲು ತೊಡಕಾಗುವುದಿಲ್ಲ. ಕಿಟ್ 4-5ನೇ ತರಗತಿಯದು ಎಂದು ಬೀರುವಿನಲ್ಲಿ ಬೀಗ ಹಾಕಿಡುವುದು ಸರಿಯಲ್ಲ, ಮೂರನೇ ತರಗತಿಗೂ ಕೊಡಿ. ಬಿಡಿ ಘನಗಳು ಕಳೆಯುವುದೇ ದೊಡ್ಡ ತಾಪತ್ರಯ. ಚೀಲದ ಮೇಲೆ ಎಷ್ಟಿವೆ ಎಂದು ಬರೆದು, ಮಕ್ಕಳೇ ಎಣಿಸಿ ಹಿಂದಿರುಗಿಸುವ ರೂಢಿ ಮಾಡಿದರೆ ಉಳಿಯುತ್ತವೆ.

ಆಟದ ನೋಟು

ಸಂತೆಗೆ ಹೋಗಿಬರುವ ಮಕ್ಕಳಿಗೆ ಚಿಲ್ಲರೆ ಗೊತ್ತು. ಸಿಂಧನೂರು, ಗಂಗಾವತಿ, ಸಿರುಗುಪ್ಪದಂಥ ಊರುಗಳಲ್ಲಿ ಅಂಗಡಿಯಿಂದ ಸರಿಯಾಗಿ ಚಿಲ್ಲರೆ ತರುವ ಮಗುವೇ ಪಾಟಿಯಲ್ಲಿ ತಪ್ಪುತ್ತಿರುತ್ತದೆ. ಆ ತಿಳಿವಳಿಕೆಯನ್ನು ಪಾಟಿಗೆ ಇಳಿಸಲು ನೋಟು ಒಳ್ಳೆಯ ಸೇತುವೆ. ಮೂರಂಕಿಯ ಲೆಕ್ಕಕ್ಕೆ ಇದನ್ನು ಮೀರಿಸುವಂಥದ್ದಿಲ್ಲ.

ಒಂದು ಎ4 ಹಾಳೆಯಲ್ಲಿ ಎಂಟು ನೋಟು ಬರುತ್ತವೆ. ಗುಂಪಿಗೆ ನೂರರವು 9, ಹತ್ತರವು 20, ಒಂದರವು 20, ಒಟ್ಟು 49. ಎಂಟು ಗುಂಪಿಗೆ 49 ಹಾಳೆ ಸಾಕು. ಬರಿಯ ಹಾಳೆ ಫ್ಯಾನಿನ ಗಾಳಿಗೆ ಹಾರುತ್ತದೆ, ಹಳೆಯ ಲಗ್ನಪತ್ರಿಕೆಯ ಹಿಂದೆ ಬರೆದರೆ ಹಾರುವುದಿಲ್ಲ, ಮಡಚಿಯೂ ಹೋಗುವುದಿಲ್ಲ. ಅಂಕಿಯನ್ನಷ್ಟೇ ದೊಡ್ಡದಾಗಿ ಬರೆಯಿರಿ. ನಿಜವಾದ ನೋಟಿನ ಕಲರ್ ಜೆರಾಕ್ಸ್ ತೆಗೆಯುವುದು ಕಾನೂನಿಗೆ ವಿರುದ್ಧ, ಆ ಗೋಜಿಗೆ ಹೋಗಬೇಡಿ.

ಐದು, ಇಪ್ಪತ್ತು, ಐವತ್ತರ ನೋಟು ಸೇರಿಸಬಾರದು. ಸೇರಿಸಿದರೆ ಮಕ್ಕಳು ಹತ್ತಕ್ಕೆ ಎರಡು ಐದು ಕೊಡುತ್ತಾರೆ. ವ್ಯವಹಾರದಲ್ಲಿ ಅದು ಸರಿಯೇ, ಆದರೆ ಸ್ಥಾನಬೆಲೆ ಅಲ್ಲಿಗೆ ಮರೆಯಾಯಿತು. ಇನ್ನು ಬಣ್ಣ. ನೂರಕ್ಕೆ ಹಸಿರು, ಹತ್ತಕ್ಕೆ ಹಳದಿ ಎಂದು ಮಾಡಿದರೆ ನೋಡಲು ಚೆಂದ, ಮೊದಲ ಕೆಲವು ದಿನ ಜೋಡಿಸಲು ಸುಲಭ. ಆಮೇಲೆ ಮಕ್ಕಳು ಅಂಕಿ ಓದುವುದನ್ನು ಬಿಟ್ಟು ‘ಹಸಿರು ನಾಲ್ಕು, ಹಳದಿ ಮೂರು’ ಎನ್ನಲು ಶುರುಮಾಡುತ್ತಾರೆ. ಎರಡನೇ ವಾರದಿಂದ ಎಲ್ಲವೂ ಬಿಳಿಯವೇ ಆಗಲಿ.

ಗುಂಪಿನಲ್ಲಿ ಒಬ್ಬರು ಬ್ಯಾಂಕ್. ಚಿಲ್ಲರೆ ಮಾಡಿಸುವುದು ಬ್ಯಾಂಕಿನಲ್ಲಿ ಮಾತ್ರ, ಮೊದಲು ನೋಟು ಕೊಡಬೇಕು, ಆಮೇಲೆ ಹತ್ತು ಎಣಿಸಿ ಪಡೆಯಬೇಕು. ಈ ಕ್ರಮ ಸಡಿಲವಾದರೆ ಮಗು ಹತ್ತು ಒಂದರ ನೋಟು ಪಡೆದು ಹತ್ತರ ನೋಟನ್ನೂ ಇಟ್ಟುಕೊಂಡಿರುತ್ತದೆ, ಉತ್ತರ ಹತ್ತು ಹೆಚ್ಚಾಗುತ್ತದೆ. 403ರಲ್ಲಿ 168 ಕೊಡಬೇಕಾದಾಗ ಎಂಟು ಬಿಡಿ ಇಲ್ಲ, ಹತ್ತರ ನೋಟೂ ಇಲ್ಲ. ಒಂದು ನೂರು ಕೊಟ್ಟು ಹತ್ತು ಹತ್ತರ ನೋಟು, ಅದರಲ್ಲಿ ಒಂದು ಕೊಟ್ಟು ಹತ್ತು ಬಿಡಿ. ಈಗ ಕೈಯಲ್ಲಿ ಮೂರು ನೂರು, ಒಂಬತ್ತು ಹತ್ತು, ಹದಿಮೂರು ಬಿಡಿ ಇವೆ. ನಡುವಿನ ಸೊನ್ನೆ 9 ಆಗುವುದು ಯಾಕೆ ಎಂದು ವಿವರಿಸಿ ಹೇಳುವ ಅಗತ್ಯವೇ ಬೀಳುವುದಿಲ್ಲ. ಉಳಿದದ್ದು 235.

ಮಣಿಚೌಕಟ್ಟು

ಬಹಳ ಶಾಲೆಗಳಲ್ಲಿ ಮೊದಲು ಹೊರಬರುವುದು ಇದೇ, ಯಾಕೆಂದರೆ ನೋಡಲು ಆಕರ್ಷಕ. ಆದರೆ ಸೂಜಿ ಮಣಿಚೌಕಟ್ಟು (ನೆಟ್ಟಗೆ ನಿಲ್ಲಿಸಿದ ಸೂಜಿಗಳಿಗೆ ಮಣಿ ಹಾಕುವ ಅಬಾಕಸ್) ಕೊನೆಗೆ ಬರಬೇಕಾದ ಸಾಮಗ್ರಿ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಹತ್ತರ ಸೂಜಿಯ ಮಣಿಗೂ ಬಿಡಿಯ ಸೂಜಿಯ ಮಣಿಗೂ ಗಾತ್ರದಲ್ಲಿ ವ್ಯತ್ಯಾಸವಿಲ್ಲ, ಬೆಲೆ ಇರುವುದು ಜಾಗದಲ್ಲಿ. ಅಂಕಿಯಲ್ಲಿ ಮಗುವಿಗೆ ಕಾಣದೆ ಹೋದದ್ದು ಇಲ್ಲಿಯೂ ಕಾಣುವುದಿಲ್ಲ. ಕಡ್ಡಿ, ನೋಟು ಆದ ಮೇಲೆ ತಂದರೆ ಅದೇ ಗುಣ ಉಪಕಾರಕ್ಕೆ ಬರುತ್ತದೆ, ಪಾಟಿಯ ಬರಹಕ್ಕೆ ಬಹಳ ಹತ್ತಿರದ ಮೆಟ್ಟಿಲು ಅದು.

ಕೊಳ್ಳುವಾಗ ಸೂಜಿಯ ಎತ್ತರ ನೋಡಿ. ಒಂಬತ್ತೇ ಮಣಿ ಹಿಡಿಯುವ ಸೂಜಿಯಲ್ಲಿ ಸಂಖ್ಯೆ ತೋರಿಸಬಹುದು, ದಶಕ ಬಿಚ್ಚಿ ಕಳೆಯಲಾಗದು. 52ರಲ್ಲಿ ಒಂದು ಹತ್ತು ಬಿಚ್ಚಿದರೆ ಬಿಡಿಯ ಸೂಜಿಯಲ್ಲಿ 12 ಮಣಿ ನಿಲ್ಲಬೇಕು. 78−49ರಂಥ ಲೆಕ್ಕಕ್ಕೆ 18 ಬೇಕು. 8 ಮಿ.ಮೀ. ದಪ್ಪದ ಮಣಿಗೆ 15 ಸೆಂ.ಮೀ. ಸೂಜಿ ಆಗುತ್ತದೆ. ಮರದ ಪಟ್ಟಿಗೆ ಸೈಕಲ್ ಸ್ಪೋಕ್ ಚುಚ್ಚಿ ಶಾಲೆಯಲ್ಲೇ ಮಾಡಿಕೊಳ್ಳಬಹುದು, ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಿ. ಶಿಕ್ಷಕರು ಎದುರು ನಿಂತು ತೋರಿಸುವಾಗ ತಮ್ಮ ಬಲಕ್ಕೆ ಬಿಡಿ ಹಿಡಿದರೆ ಮಕ್ಕಳಿಗೆ ಅದು ಎಡಕ್ಕೆ ಕಾಣುತ್ತದೆ. ಮಕ್ಕಳ ಕಡೆ ಬೆನ್ನು ಮಾಡಿ, ಚೌಕಟ್ಟನ್ನು ತಲೆಯ ಮೇಲೆ ಎತ್ತಿ ಹಿಡಿಯುವುದೇ ಮೇಲು. ಕ್ಯಾಲೆಂಡರಿನ ಸುತ್ತ ದುಂಡಗೆ ಕೂತ ಗುಂಪಿಗೂ ಇದೇ ತೊಂದರೆ, ಎಲ್ಲರೂ ಒಂದೇ ಬದಿಗೆ ಕೂರಲಿ.

ಗಣಿತಮಾಲೆ

ಇದು ಉಳಿದವುಗಳ ಎದುರಾಳಿ ಅನ್ನುವುದಕ್ಕಿಂತ ಬೇರೆಯೇ ದಾರಿ. ಹತ್ತು ಕೆಂಪು, ಹತ್ತು ಬಿಳಿ ಹೀಗೆ ನೂರು ಮಣಿ. 12 ಮಿ.ಮೀ. ಮಣಿಯಾದರೆ ಮಾಲೆ 120 ಸೆಂ.ಮೀ. ಆಗುತ್ತದೆ, ಮಣಿ ಸರಿಸಲು ಒಂದು ಗೇಣು ದಾರ ಹೆಚ್ಚು ಬಿಟ್ಟು ಎರಡು ಮೊಳೆಗೆ ಬಿಗಿಯಾಗಿ ಕಟ್ಟಿ. 27ನೇ ಮಣಿಯ ನಂತರ ಒಂದು ಬಟ್ಟೆ ಕ್ಲಿಪ್, 52ನೇ ಮಣಿಯ ನಂತರ ಇನ್ನೊಂದು. 27ರಿಂದ 30ಕ್ಕೆ 3, 50ಕ್ಕೆ 20, 52ಕ್ಕೆ 2, ಒಟ್ಟು 25. ದಶಕ ಬಿಚ್ಚುವ ಮಾತೇ ಇಲ್ಲ. ಮನಸ್ಸಿನಲ್ಲೇ ಲೆಕ್ಕ ಮಾಡಲು, ಪಾಟಿಯ ಉತ್ತರ ತಾಳೆ ನೋಡಲು ಇದು ಬಹಳ ಚೆನ್ನ. ಬರೆದು ಕಳೆಯುವ ಕ್ರಮವನ್ನು ಮಾತ್ರ ಇದು ಕಲಿಸುವುದಿಲ್ಲ. ಕ್ಲಿಪ್ಪನ್ನು ಮಣಿಯ ಮೇಲೆ ಹಾಕಿದರೆ ಮಕ್ಕಳು 27ನ್ನೂ ಸೇರಿಸಿ ಎಣಿಸಿ 26 ಅನ್ನುತ್ತಾರೆ. ಮಾಲೆಯ ಬದಲು ಅಂಗಳದಲ್ಲಿ ಸಂಖ್ಯಾರೇಖೆ ಎಳೆದು ಜಿಗಿಸಬಹುದು, ಆದರೆ ಮಾರ್ಚ್ ಬಂತೆಂದರೆ ನೆಲ ಕಾಯುತ್ತದೆ. ವರಾಂಡದಲ್ಲಿ 30 ಸೆಂ.ಮೀ. ಅಂತರಕ್ಕೆ 0ರಿಂದ 20ರವರೆಗೆ ಎಳೆದರೆ 6 ಮೀಟರ್ ಸಾಕು. ಹಾಸುಗಲ್ಲಿನ ಗೆರೆಗಳನ್ನೇ ಗುರುತಾಗಿ ಬಳಸುವ ಮುನ್ನ ಕಲ್ಲುಗಳು ಸಮ ಅಳತೆಯವೇ ಎಂದು ನೋಡಿ.

ಯಾವುದು, ಯಾವಾಗ

ಒಂದನ್ನೇ ಮಾಡಲು ಸಾಧ್ಯವಿದ್ದರೆ ಕಡ್ಡಿ ಕಟ್ಟು. ನಲಿ-ಕಲಿಯ ತರಗತಿಯಲ್ಲಿ ಬೇರೆ ಬೇರೆ ಮಟ್ಟದ ಮಕ್ಕಳು ಒಟ್ಟಿಗಿರುವಾಗಲೂ ಇದೇ ಅನುಕೂಲ, ಶಿಕ್ಷಕರು ಪಕ್ಕದಲ್ಲಿ ಇಲ್ಲದಿದ್ದರೂ ಕೆಲಸ ಸಾಗುತ್ತದೆ. ಎರಡಾದರೆ ಮೂರಂಕಿಗೆ ನೋಟು ಸೇರಿಸಿ. ಕಿಟ್ ಇದ್ದರೆ ಇವೆರಡರ ನಡುವೆ ಬ್ಲಾಕ್. ಮಣಿಚೌಕಟ್ಟು ಆಮೇಲೆ, ಗಣಿತಮಾಲೆ ವರ್ಷಪೂರ್ತಿ ಗೋಡೆಯ ಮೇಲಿರಲಿ. ಕಡ್ಡಿ, ನೋಟುಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ನೆಲದ ಮೇಲಿಟ್ಟರೆ ರಜೆ ಮುಗಿಯುವಷ್ಟರಲ್ಲಿ ಗೆದ್ದಲು ತಿಂದಿರುತ್ತದೆ. ಪ್ಲಾಸ್ಟಿಕ್ ಡಬ್ಬಿ ಬೇಕು.

ಸಾಮಗ್ರಿ ಯಾವಾಗ ಬಿಡಿಸಬೇಕು ಎಂದು ತಿಳಿಯಲು 45−12, 52−27, 60−24, 403−168 ಬೆರೆಸಿ ಕೊಡಿ. 45−12ರಲ್ಲೂ ಕಟ್ಟು ಬಿಚ್ಚುವ ಮಗು ಹೆಜ್ಜೆಗಳನ್ನು ಬಾಯಿಪಾಠ ಮಾಡಿದೆ, ಯಾಕೆ ಬಿಚ್ಚಬೇಕೆಂದು ಅದಕ್ಕೆ ತಿಳಿದಿಲ್ಲ. 52−27ಕ್ಕೆ 35 ಬಂದರೆ ಮತ್ತೆ ಕಡ್ಡಿಗೆ. ಲೆಕ್ಕದ ಕ್ರಮ ಸರಿಯಿದ್ದು 24 ಅಥವಾ 26 ಬಂದರೆ ಮೊಟ್ಟೆಯ ಟ್ರೇಗೆ. 403−168ಕ್ಕೆ 245 ಬಂದರೆ ಸೊನ್ನೆಯನ್ನು ಹತ್ತು ಮಾಡಿ ಒಂಬತ್ತಕ್ಕೆ ಇಳಿಸುವುದು ಬಿಟ್ಟಿದೆ, 265 ಬಂದರೆ ನೂರನ್ನು ನೇರವಾಗಿ ಬಿಡಿಯ ಮನೆಗೆ ತಂದು, ಹತ್ತರ ಮನೆಯಲ್ಲಿ ಆರರಿಂದ ಸೊನ್ನೆ ಕಳೆದಿದೆ. ಈ ಎರಡಕ್ಕೂ ನೋಟು ಮತ್ತು ಬ್ಯಾಂಕಿನ ಆಟಕ್ಕೆ ಕೂರಿಸಿ, 403ರ ಜತೆಗೆ 500−236, 702−458 ಕೂಡ ಮಾಡಿಸಿ.