ಬೆಳಗಾವಿ–ಧಾರವಾಡ ದಾರಿಯಲ್ಲಿ ಕೆಲಸ: ಕಾರೋ, ರೈಲೋ?

ವಾರಕ್ಕೆ ಮೂರು ಸಲ ಧಾರವಾಡಕ್ಕೆ ಓಡಾಡುವ ಬೆಳಗಾವಿಯವರು, ದಾರಿಯಲ್ಲೇ ಕಚೇರಿಯ ಕೆಲಸ ಮುಗಿಸಬಹುದೆಂದು ‘ತಾನೇ ಓಡುವ’ ಕಾರು ಕೊಳ್ಳುವ ಮುನ್ನ ಸ್ವಯಂಚಾಲನೆಯ ಹಂತಗಳ ನಡುವಿನ ವ್ಯತ್ಯಾಸವನ್ನು ಅರಿಯಬೇಕು. ನಮ್ಮ ಷೋರೂಮುಗಳಲ್ಲಿ ಸಿಗುವ ಎಡಿಎಎಸ್ (ಚಾಲಕನಿಗೆ ನೆರವಾಗುವ ತಂತ್ರಜ್ಞಾನ) ಇರುವ ಕಾರುಗಳು ಹೆಚ್ಚೆಂದರೆ ಎರಡನೇ ಹಂತದವು. ಅವು ಲೇನ್ ಹಿಡಿದು, ಮುಂದಿನ ವಾಹನದಿಂದ ಅಂತರ ಕಾಯ್ದುಕೊಂಡರೂ ಚಾಲಕನ ಕಣ್ಣು ರಸ್ತೆಯ ಮೇಲೆಯೇ ಇರಬೇಕು. ಕಣ್ಣು ತೆಗೆಯಲು ಅವಕಾಶವಿರುವುದು ಮೂರನೇ ಹಂತದಲ್ಲಿ. 2022ರಲ್ಲಿ ಜರ್ಮನಿಯಲ್ಲಿ ಮರ್ಸಿಡಿಸ್ ಮಾರಾಟಕ್ಕೆ ತಂದ ಅಂಥ ವ್ಯವಸ್ಥೆಗೂ ಆರಂಭದಲ್ಲಿ ಗಂಟೆಗೆ 60 ಕಿ.ಮೀ. ಮಿತಿಯಿತ್ತು. ಕಬ್ಬಿನ ಹಂಗಾಮಿನ ರಾತ್ರಿ, ಹಿಂದೆ ದೀಪವಿಲ್ಲದ ಎರಡು ಟ್ರೇಲರ್ ಎಳೆದು ಸಾಗುವ ಟ್ರ್ಯಾಕ್ಟರನ್ನು ಕಂಡವರಿಗೆ, ನಮ್ಮ ರಸ್ತೆಯಲ್ಲಿ ಕಣ್ಣು ತೆಗೆಯುವಂತಿಲ್ಲ ಏಕೆಂದು ಬಿಡಿಸಿ ಹೇಳಬೇಕಿಲ್ಲ.

ಬಾಡಿಗೆ ಚಾಲಕನಿದ್ದರೆ ಹಿಂದಿನ ಸೀಟಿನಲ್ಲಿ ಫೋನ್ ಕೆಲಸ ಸರಾಗ. ಲ್ಯಾಪ್‌ಟಾಪ್ ತೆರೆದರೆ ಮಾತ್ರ ತೊಂದರೆ: ಕಣ್ಣಿಗೆ ಅಕ್ಷರ ನಿಂತಂತೆ ಕಾಣುತ್ತದೆ, ಒಳಕಿವಿಗೆ ಚಲನೆ ಅರಿವಾಗುತ್ತದೆ, ಈ ತಾಳಮೇಳ ತಪ್ಪಿದಾಗ ವಾಕರಿಕೆ ಬರುತ್ತದೆ. ನಾಳೆ ಚಾಲಕನೇ ಇಲ್ಲದ ಕಾರು ಬಂದರೂ ಈ ಬಾಧೆ ಹೋಗದು.

ರೈಲು ಖಾನಾಪುರ, ಲೋಂಡಾ ಸುತ್ತಿ ಹೋಗುವುದರಿಂದ ದಾರಿ ಉದ್ದ. ಕಾಡಿನಲ್ಲಿ ಸಿಗ್ನಲ್ ನೆಚ್ಚುವಂತಿಲ್ಲ. ಆದರೂ ಬರೆಯುವ ಕೆಲಸಕ್ಕೆ ನಾನು ರೈಲನ್ನೇ ಆರಿಸುವೆ, ಏಕೆಂದರೆ ಅಲ್ಲಿ ಎದ್ದು ನಾಲ್ಕು ಹೆಜ್ಜೆ ನಡೆಯಬಹುದು, ಕುಲುಕಾಟವೂ ಕಡಿಮೆ. ಕಾರೇ ಬೇಕಾದವರು ಕಿತ್ತೂರಿನಲ್ಲಿ ಚಹಾಕ್ಕೆ ನಿಲ್ಲಿಸಿ, ಓದುವುದನ್ನೆಲ್ಲ ಆ ಹತ್ತು ನಿಮಿಷದಲ್ಲಿ ಮುಗಿಸುವುದು ಒಳಿತು.